ಎಣಿಕೆ ಸಾಲದು, ಊಟದ ಲೆಕ್ಕವೂ ಬೇಕು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಿಂತು ಕಡಲಹಕ್ಕಿಯ ಮಾತೆತ್ತಿದರೆ ಕೇಳಿದವರು ನಕ್ಕಾರು. ಗೋಳಗುಮ್ಮಟದ ಪಾರಿವಾಳ, ಗಿಳಿಗಳ ಮಾತು ಬೇರೆ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ, ನಡುವೆ ಇಡೀ ಸಹ್ಯಾದ್ರಿ ಅಡ್ಡ. ಆದರೆ ಇದೇ ಊರಿನಿಂದ ಬಾಗಲಕೋಟೆಯ ಬಸ್ಸು ಹತ್ತಿದವರು ತಾಸಿನೊಳಗೆ ಕೊಲ್ಹಾರ ಮುಟ್ಟುತ್ತಾರೆ. ಅಲ್ಲಿನ ಮೊಸರಿನ ಆಸೆಗೆ ಇಳಿಯದೆ ಕೂತವರು ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಕೃಷ್ಣೆಯ ಹಿನ್ನೀರನ್ನು ದಾಟುತ್ತಾರೆ. ಚಳಿಗಾಲದಲ್ಲಿ ಆಲಮಟ್ಟಿಯ ಈ ಹಿನ್ನೀರಿನ ಮೇಲೆ ಕಡಲಕಾಗೆಗಳು ಹಾರಾಡುತ್ತವೆ, ಅವುಗಳ ಜೊತೆಗೆ ಕವಲುಬಾಲದ ರೀವಗಳು. ಪ್ರಯಾಣಿಕರು ಅವನ್ನೆಲ್ಲ ಒಟ್ಟಾಗಿ ‘ಬಿಳಿ ಹಕ್ಕಿ’ ಎಂದು ಬಿಟ್ಟುಬಿಡುತ್ತಾರೆ.

ಆ ಬಿಳಿ ಹಕ್ಕಿಗಳಲ್ಲಿ ಕಂದುತಲೆಯ ಕಡಲಕಾಗೆ ಹುಟ್ಟುವುದು ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಅದಕ್ಕಿಂತ ದೊಡ್ಡದಾದ ಪಲ್ಲಾಸ್ ಕಡಲಕಾಗೆ ಕಪ್ಪು ಸಮುದ್ರದಿಂದ ಮಂಗೋಲಿಯಾದವರೆಗಿನ ಸೀಮೆಯದು. ಇವೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ಮಲ್ಪೆ ಬಂದರಿನಲ್ಲೂ ಇರುತ್ತವೆ, ಮೀನು ದೋಣಿಗಳ ಹಿಂದೆ ಕೂಗುತ್ತ ಸುತ್ತುತ್ತವೆ. ಮಲ್ಪೆಯ ಹಕ್ಕಿ ಕೊಲ್ಹಾರಕ್ಕೆ ಬರುತ್ತದೆಯೇ? ಕೊಲ್ಹಾರದ್ದು ಇಲ್ಲೇನು ತಿನ್ನುತ್ತದೆ? ಸೇತುವೆಯ ಮೇಲೆ ನಿಂತು ಎಷ್ಟು ಹೊತ್ತು ಎಣಿಸಿದರೂ ಈ ಎರಡು ಪ್ರಶ್ನೆಗೆ ಉತ್ತರ ಸಿಗದು.

ನಮ್ಮಲ್ಲಿ ನೀರುಹಕ್ಕಿಗಳ ಅಧ್ಯಯನವೆಂದರೆ ಬಹುಪಾಲು ಎಣಿಕೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ ನಡೆಯುತ್ತ ಬಂದಿದೆ, ಹವ್ಯಾಸಿಗಳು ಬೆಳ್ಳಂಬೆಳಗ್ಗೆ ದುರ್ಬೀನು ಹಿಡಿದು ಕೆರೆದಂಡೆಗೆ ಹೋಗುತ್ತಾರೆ. ಅವರ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಗಣತಿಯಿಲ್ಲದಿದ್ದರೆ ಯಾವ ಕೆರೆಗೆ ಯಾವ ಹಕ್ಕಿ ಬಂತು ಎನ್ನುವುದೂ ತಿಳಿಯುತ್ತಿರಲಿಲ್ಲ. ಆದರೆ ಎಣಿಕೆ ಹೇಳುವುದು ಒಂದು ಬೆಳಗಿನ ಸುದ್ದಿ. ಹಕ್ಕಿ ಕಡಿಮೆಯಾದರೆ ಅದು ಸತ್ತಿತೋ, ಬೇರೆಡೆ ಹೋಯಿತೋ, ಮರಿಯನ್ನೇ ಮಾಡಲಿಲ್ಲವೋ ಎನ್ನುವುದನ್ನು ಆ ಅಂಕಿ ಹೇಳಲಾರದು. ಕಾರಣ ಬೇಕಾದವರು ಹಕ್ಕಿಯ ಹೊಟ್ಟೆಯನ್ನೂ ದಾರಿಯನ್ನೂ ವಿಚಾರಿಸಬೇಕು.

ದಾರಿ ವಿಚಾರಿಸಿದ ಹಳೆಯ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯಕರವಾಗಿದೆ. 1952ರಲ್ಲಿ ವೇಲ್ಸ್‌ನ ಸ್ಕೋಕಹೋಮ್ ದ್ವೀಪದ ಒಂದು ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಯನ್ನು ವಿಮಾನದಲ್ಲಿ ಅಮೆರಿಕದ ಬಾಸ್ಟನ್ನಿಗೆ ಒಯ್ದು ಬಿಟ್ಟರು. ಒಯ್ದವರು ವಿಜ್ಞಾನಿಯಲ್ಲ, ಬಾಸ್ಟನ್ ವಾದ್ಯವೃಂದದ ಕ್ಲಾರಿನೆಟ್ ವಾದಕ ರೊಸಾರಿಯೊ ಮಜಿಯೊ. ಹಕ್ಕಿ ಹನ್ನೆರಡೂವರೆ ದಿನದಲ್ಲಿ ಅಟ್ಲಾಂಟಿಕ್ ದಾಟಿ ತನ್ನ ಬಿಲಕ್ಕೆ ಮರಳಿತ್ತು. ‘ಹಕ್ಕಿಯನ್ನು ಬಿಟ್ಟಿದ್ದೇವೆ’ ಎಂದು ಅವರು ಬರೆದ ಕಾಗದ ಇನ್ನೂ ದಾರಿಯಲ್ಲಿತ್ತು. ಆಗ ಗೊತ್ತಾದದ್ದು ಹೊರಟ ಜಾಗ ಮತ್ತು ಮುಟ್ಟಿದ ಜಾಗ ಮಾತ್ರ. ನಡುವಿನದು ತಿಳಿಯಲು ಮೂರೂವರೆ ದಶಕಕ್ಕೂ ಹೆಚ್ಚು ಕಾಯಬೇಕಾಯಿತು. ಫ್ರಾನ್ಸಿನ ಪಿಯರ್ ಜುವೆಂಟಾ ಮತ್ತು ಆನ್ರಿ ವೈಮರ್‌ಸ್ಕಿರ್ಚ್ ಹಿಂದೂ ಮಹಾಸಾಗರದ ದಕ್ಷಿಣದ ಕ್ರೋಜೆ ದ್ವೀಪಗಳಲ್ಲಿ ಆಲ್ಬಟ್ರಾಸ್‌ಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿದರು. 1990ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನೋಡಿ ಪಕ್ಷಿತಜ್ಞರು ಬೆರಗಾದರು. ಮೊಟ್ಟೆಗೆ ಕಾವು ಕೊಡುವ ದಿನಗಳಲ್ಲಿ, ಸಂಗಾತಿ ಗೂಡಿನಲ್ಲಿ ಕೂತಿರುವಾಗ, ಈ ಹಕ್ಕಿ ಒಂದೇ ಸಲದ ಊಟಕ್ಕಾಗಿ 3,600ರಿಂದ 15,000 ಕಿಲೋಮೀಟರ್ ಹಾರಿ ಬರುತ್ತಿತ್ತು!

ಉಪಕರಣಗಳು ಸಣ್ಣದಾದಂತೆ ಸಣ್ಣ ಹಕ್ಕಿಗಳೂ ಗುಟ್ಟು ಬಿಟ್ಟುಕೊಟ್ಟವು. ನೂರು ಗ್ರಾಮಿನ ಆಸುಪಾಸು ತೂಗುವ ಆರ್ಕ್ಟಿಕ್ ರೀವದ ಕಾಲಿಗೆ 1.4 ಗ್ರಾಮಿನ ಜಿಯೊಲೊಕೇಟರ್ ಕಟ್ಟಿದರು. ಅದರಲ್ಲಿ ಉಪಗ್ರಹದ ಸಂಪರ್ಕವಿಲ್ಲ, ಬೆಳಕಿನ ಏರಿಳಿತವನ್ನಷ್ಟೇ ಅದು ಬರೆದಿಡುತ್ತದೆ. ಸೂರ್ಯ ಎಷ್ಟು ಹೊತ್ತಿಗೆ ಹುಟ್ಟಿದ, ಎಷ್ಟು ಹೊತ್ತಿಗೆ ಮುಳುಗಿದ ಎಂಬ ಲೆಕ್ಕದಿಂದ ಅಕ್ಷಾಂಶ ರೇಖಾಂಶಗಳನ್ನು ಅಂದಾಜು ಮಾಡುತ್ತಾರೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡಿನ ಈ ಹಕ್ಕಿಗಳು ವರ್ಷಕ್ಕೆ ಸರಾಸರಿ 70,900 ಕಿಲೋಮೀಟರ್ ಸುತ್ತುತ್ತವೆ. ದೂರಕ್ಕಿಂತ ಮುಖ್ಯವಾದದ್ದು ಇನ್ನೊಂದು ಸಂಗತಿ. ದಕ್ಷಿಣಕ್ಕೆ ಹೋಗುವಾಗ ಅವು ಉತ್ತರ ಅಟ್ಲಾಂಟಿಕಿನ ನಡುವೆ, ಮೀನು ಸಮೃದ್ಧವಾಗಿರುವ ಒಂದು ಪ್ರದೇಶದಲ್ಲಿ ವಾರಗಟ್ಟಲೆ ತಂಗುತ್ತಿದ್ದವು. ದಡದ ಮೇಲಿಂದ ಎಣಿಸುವವರಿಗೆ ಈ ತಂಗುದಾಣ ಎಂದೂ ಕಾಣುತ್ತಿರಲಿಲ್ಲ.

ಊಟದ ಪತ್ತೆಗೆ ದಾರಿಗಳು ಇನ್ನೂ ಹಲವು. ಕೆಲವು ಹಕ್ಕಿಗಳು ಅರಗದ ಮೂಳೆಯನ್ನು ಉಂಡೆಯಾಗಿ ಉಗುಳುತ್ತವೆ. ಅದರಲ್ಲಿ ಮೀನಿನ ಕಿವಿಗಲ್ಲು ಸಿಕ್ಕರೆ ಮೀನಿನ ಜಾತಿ, ಉದ್ದ, ಎಷ್ಟೋ ಸಲ ವಯಸ್ಸೂ ತಿಳಿಯುತ್ತದೆ. ಗರಿಯಲ್ಲಿನ ಸಾರಜನಕದ ಐಸೊಟೋಪುಗಳನ್ನು ಅಳೆದರೆ ಆ ಗರಿ ಬೆಳೆಯುವ ಕಾಲದಲ್ಲಿ ಹಕ್ಕಿ ಆಹಾರ ಸರಪಳಿಯ ಯಾವ ಹಂತದಲ್ಲಿ ತಿನ್ನುತ್ತಿತ್ತು ಎಂಬುದು ಗೊತ್ತಾಗುತ್ತದೆ. ವಸ್ತುಸಂಗ್ರಹಾಲಯದ ಡ್ರಾಯರಿನಲ್ಲಿರುವ ನೂರು ವರ್ಷದ ಹಿಂದಿನ ಗರಿಯೂ ಇದಕ್ಕೆ ಆದೀತು. ಹಿಕ್ಕೆಯಲ್ಲಿನ ಡಿಎನ್ಎಯಿಂದ ತಿಂದ ಜೀವಿಯ ಹೆಸರು ಹೇಳಬಹುದು. ಎಲ್ಲಕ್ಕಿಂತ ಅಗ್ಗದ ದಾರಿಯೊಂದಿದೆ, ಅದರ ಮಾತು ಮುಂದೆ ಬರುತ್ತದೆ.

ಇದೆಲ್ಲ ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿಗೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಕಥೆ ಉತ್ತರವಾದೀತು. ಅಲ್ಲಿ ಕಿಟಿವೇಕ್ ಎಂಬ ಕಡಲಕಾಗೆ ತನ್ನ ಮರಿಗೆ ಉಣಿಸುವುದು ಹೆಚ್ಚಾಗಿ ಮರಳೀಲು ಎಂಬ ಸಣ್ಣ ಮೀನನ್ನು. ಅದೇ ಮೀನನ್ನು ದೊಡ್ಡ ದೋಣಿಗಳು ಪಶು ಆಹಾರಕ್ಕೂ ಎಣ್ಣೆಗೂ ಬಾಚಿ ಒಯ್ಯುತ್ತಿದ್ದವು. 1990ರ ದಶಕದಲ್ಲಿ ಗೂಡುಗಳಲ್ಲಿ ಮರಿ ಉಳಿಯದೆ ಹೋದಾಗ ದೋಣಿ ಮೇಯುವ ಜಾಗವೂ ಹಕ್ಕಿ ಮೇಯುವ ಜಾಗವೂ ಒಂದೇ ಎಂದು ತೋರಿಸುವ ದಾಖಲೆ ಸಂಶೋಧಕರ ಕೈಯಲ್ಲಿತ್ತು. 2000ದಲ್ಲಿ ಆ ಪ್ರದೇಶದಲ್ಲಿ ಮರಳೀಲು ಹಿಡಿಯುವುದನ್ನು ನಿಲ್ಲಿಸಿದರು. 2024ರಲ್ಲಿ ಬ್ರಿಟನ್ನು ಉತ್ತರ ಸಮುದ್ರದ ಇಂಗ್ಲೆಂಡಿನ ಭಾಗಕ್ಕೂ ಸ್ಕಾಟ್ಲೆಂಡಿನ ಎಲ್ಲ ಕಡಲಿಗೂ ಆ ನಿಷೇಧವನ್ನು ವಿಸ್ತರಿಸಿತು. ಹಕ್ಕಿ ಕಡಿಮೆಯಾಗಿದೆ ಎಂದಷ್ಟೇ ಹೇಳುವ ಅಂಕಿ ಹಿಡಿದುಕೊಂಡು ಹೋಗಿದ್ದರೆ ಮೀನು ಕಂಪನಿಗಳು ಅದಕ್ಕೆ ಬೇರೆ ನೂರು ಕಾರಣ ಹೇಳುತ್ತಿದ್ದವು.

ಇದೇ ಸಾಲಿನಲ್ಲಿ ಫಿಲಿಪ್ ಕ್ಯೂರಿ ಮತ್ತು ಸಂಗಡಿಗರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಮುಂದಿಟ್ಟರು. ಜಗತ್ತಿನ ಏಳು ಕಡಲ ವ್ಯವಸ್ಥೆಗಳ ಹದಿನಾಲ್ಕು ಹಕ್ಕಿ ಜಾತಿಗಳ ದೀರ್ಘಕಾಲದ ದಾಖಲೆ ಕೂಡಿಸಿ ನೋಡಿದಾಗ, ಸಣ್ಣ ಮೀನುಗಳ ಪ್ರಮಾಣ ಅದುವರೆಗೆ ಕಂಡ ಗರಿಷ್ಠ ಮಟ್ಟದ ಮೂರನೇ ಒಂದು ಪಾಲಿಗಿಂತ ಕೆಳಗಿಳಿದರೆ ಎಲ್ಲ ಕಡೆಯೂ ಹಕ್ಕಿಗಳ ಸಂತಾನ ಕುಸಿಯುತ್ತಿತ್ತು. ಪೆಂಗ್ವಿನ್ ಇರಲಿ, ರೀವ ಇರಲಿ, ಗೆರೆ ಹೆಚ್ಚುಕಡಿಮೆ ಅದೇ.

ಈ ಗೆರೆಯನ್ನು ನಮ್ಮ ಕರಾವಳಿಗೆ ತಂದು ನೋಡಬೇಕು. ಪಶ್ಚಿಮ ಕರಾವಳಿಯ ಸಣ್ಣ ಮೀನೆಂದರೆ ಬೂತಾಯಿ. ಮುಂಗಾರಿನಲ್ಲಿ ತಳದ ತಣ್ಣನೆ ನೀರು ಗೊಬ್ಬರದ ಅಂಶ ಹೊತ್ತು ಮೇಲೇಳುತ್ತದೆ, ಅದರಿಂದ ಪಾಚಿಜೀವಿಗಳು ಹೆಚ್ಚುತ್ತವೆ, ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಅಂಟಾರ್ಕ್ಟಿಕದ ಕಡೆ ಮರಿ ಮಾಡುವ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಹಕ್ಕಿ ಅಷ್ಟು ದೂರದಿಂದ ಅರಬ್ಬಿ ಸಮುದ್ರಕ್ಕೆ ಬಂದು ಅಲೆಯ ಮೇಲೆ ಕಾಲಾಡಿಸುತ್ತ ಮೇಯುವುದೂ ಇದೇ ಮಳೆಗಾಲದ ತಿಂಗಳುಗಳಲ್ಲಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇರುವುದರಿಂದ ಆಗ ಕಡಲು ಹೆಚ್ಚೂಕಡಿಮೆ ಅದರದ್ದೇ. ಆದರೆ ಬೂತಾಯಿಯ ಭರವಸೆ ಇಲ್ಲ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಮೂರನೇ ಒಂದು ಪಾಲಿನ ಮಾತಿರಲಿ, ನೂರನೇ ಒಂದು ಪಾಲೂ ಉಳಿಯಲಿಲ್ಲ. ಹಿಡಿದ ಮೀನಿನ ಲೆಕ್ಕ ಸಮುದ್ರದಲ್ಲಿರುವ ಮೀನಿನ ಲೆಕ್ಕವಲ್ಲ, ನಿಜ. ಬೂತಾಯಿ ಹವೆಗೆ ತಕ್ಕಂತೆ ಏರಿಳಿಯುವ ಮೀನು, ಮತ್ತೆ ಮರಳಿಯೂ ಬರುತ್ತದೆ. ಆದರೂ ಆ ವರ್ಷ ರೀವಗಳು ತಮ್ಮ ಮರಿಗಳಿಗೆ ಏನು ಉಣಿಸಿದವು ಎಂಬ ಲೆಕ್ಕವಿದ್ದಿದ್ದರೆ ಮೀನು ನಿರ್ವಹಣೆಗೆ ಎರಡನೆಯ ಸಾಕ್ಷಿ ದೊರೆಯುತ್ತಿತ್ತು.

ಮೀನುಗಾರರಿಗೆ ಈ ಸಾಕ್ಷಿಯ ಬೆಲೆ ಹಿಂದೆಯೇ ಗೊತ್ತಿತ್ತು. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಸೂರೆ (ಟ್ಯೂನಾ) ಮೀನು ಹಿಡಿಯುವವರು ಇಂದಿಗೂ ಹಕ್ಕಿಗಳ ಗುಂಪು ಎಲ್ಲಿ ಎರಗುತ್ತಿದೆ ಎಂದು ನೋಡಿಯೇ ದೋಣಿ ತಿರುಗಿಸುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ರಂಪಣಿ ಬಲೆಯ ಕಾಲವಿದ್ದಾಗ ದಡದಲ್ಲಿ ನಿಂತು ನೀರಿನ ಬಣ್ಣ, ಮೇಲಿನ ಹಕ್ಕಿ ನೋಡಿ ಮೀನಿನ ಹಿಂಡು ಗುರುತಿಸುವ ಅನುಭವಿಗಳಿರುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು, ಆಮೇಲೆ ಮೀನು ಹುಡುಕುವ ಯಂತ್ರ ಬಂತು, ಕೊನೆಗೆ ಕಣ್ಣು ಕುಕ್ಕುವ ದೀಪಗಳು ಬಂದವು. ಹಕ್ಕಿ ನೋಡುವ ಅಗತ್ಯ ಮುಗಿಯಿತು. ವಿಜ್ಞಾನ ಮಾತ್ರ ಈಗ ಆ ಹಳೆಯ ನೋಟಕ್ಕೆ ಮರಳುತ್ತಿದೆ. 2020ರಲ್ಲಿ ವೈಮರ್‌ಸ್ಕಿರ್ಚ್ ತಂಡ 169 ಆಲ್ಬಟ್ರಾಸ್‌ಗಳಿಗೆ ಹಡಗಿನ ರೇಡಾರನ್ನು ಗ್ರಹಿಸುವ ಉಪಕರಣ ಕಟ್ಟಿ, ತಮ್ಮ ಗುರುತು ಬಚ್ಚಿಟ್ಟು ಓಡಾಡುವ ಹಡಗುಗಳನ್ನು ಹಕ್ಕಿಗಳಿಂದಲೇ ಹಿಡಿಸಿದ್ದನ್ನು ಪ್ರಕಟಿಸಿತು. ಅಂತರರಾಷ್ಟ್ರೀಯ ಜಲದಲ್ಲಿ ಹಕ್ಕಿಗಳು ಕಂಡ ಹಡಗುಗಳ ಪೈಕಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವು ಗುರುತಿನ ಸಂಕೇತ ಕಳಿಸುತ್ತಿರಲಿಲ್ಲ.

ಕರಾವಳಿಯ ಈ ಮಾತೆಲ್ಲ ಬಯಲುಸೀಮೆಗೆ ಯಾಕೆ ಎನ್ನುವವರು 2005ರ ಚೀನಾದ ಚಿಂಗ್‌ಹಾಯ್ ಸರೋವರವನ್ನು ನೆನೆಯಬೇಕು. ಆ ವರ್ಷ ಅಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ ಆರು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆಯ ಹೆಬ್ಬಾತು, ಕಂದುತಲೆಯ ಕಡಲಕಾಗೆ ಮತ್ತು ಪಲ್ಲಾಸ್ ಕಡಲಕಾಗೆ. ಅವೇ ಜಾತಿಗಳು ನಮ್ಮ ಹಿನ್ನೀರುಗಳಿಗೂ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ತಾಣಗಳಿಗೂ ಬರುವ ಚಳಿಗಾಲದ ಅತಿಥಿಗಳು. 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಸಾವಿರಾರು ಹೆಬ್ಬಾತುಗಳು ಇದೇ ರೋಗಕ್ಕೆ ಬಲಿಯಾದವು. ಇಂಥ ಸುದ್ದಿ ಬಂದಾಗಲೆಲ್ಲ ವಲಸೆ ಹಕ್ಕಿಯ ಮೇಲೆ ಬೊಟ್ಟು ಮಾಡುವುದು ಸುಲಭ. ಕೋಳಿ ಫಾರ್ಮಿನಿಂದ ಹಕ್ಕಿಗೆ ಹೋಯಿತೋ, ಹಕ್ಕಿಯಿಂದ ಫಾರ್ಮಿಗೆ ಬಂತೋ ಎಂದು ಕೇಳುವವರು ಕಡಿಮೆ. ಥಾಯ್ಲೆಂಡಿನಲ್ಲಿ ಚಳಿಗಾಲ ಕಳೆಯುವ ಕಂದುತಲೆಯ ಕಡಲಕಾಗೆಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ, ಅವುಗಳ ದಾರಿ ಮತ್ತು ಹಕ್ಕಿಜ್ವರದ ಸಂಬಂಧವನ್ನು ಪರೀಕ್ಷಿಸಿದ ಅಧ್ಯಯನ 2012ರಲ್ಲೇ ಪ್ರಕಟವಾಗಿದೆ. ಕೃಷ್ಣಾ ತೀರದ ಹಕ್ಕಿಗಳ ದಾರಿ ಗೊತ್ತಿದ್ದರೆ ಅನುಮಾನಕ್ಕೂ ಒಂದು ಮಿತಿ ಇರುತ್ತದೆ.

ಇನ್ನು ತಿಕೋಟಾ, ಬಬಲೇಶ್ವರದ ಕಡೆಗೆ ಬರೋಣ. ಬರದ ಸೀಮೆ ಎಂದೇ ಹೆಸರಾದ ಈ ನೆಲಕ್ಕೆ ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಹತ್ತಿದೆ. ಒಣಗಿ ಬಿರುಕು ಬಿಡುತ್ತಿದ್ದ ಕೆರೆಗಳಲ್ಲಿ ನೀರು ನಿಲ್ಲುತ್ತಿದೆ, ದ್ರಾಕ್ಷಿ ತೋಟಗಳ ಪಕ್ಕ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಾಗಿವೆ. ಹಕ್ಕಿಯ ದೃಷ್ಟಿಯಿಂದ ನೋಡಿದರೆ ಇದು ಹೊಸ ಭೂಪಟ. ರೀವಗಳಲ್ಲಿ ಎಲ್ಲವೂ ಮೀನಿಗೆ ಅಂಟಿಕೊಂಡವಲ್ಲ. ದಪ್ಪ ಕೊಕ್ಕಿನ ‘ಗಲ್-ಬಿಲ್ಡ್’ ರೀವ ನೀರಿಗೆ ಧುಮುಕುವುದೇ ವಿರಳ. ಹೊಲದ ಮೇಲೆ ತಗ್ಗಿನಲ್ಲಿ ಹಾರುತ್ತ ಮಿಡತೆ, ಕಪ್ಪೆ, ಓತಿಕ್ಯಾತ ಹಿಡಿಯುತ್ತದೆ. ಅಂಥ ಹಕ್ಕಿಯ ಊಟದ ತನಿಖೆ ಹೊಲಕ್ಕೆ ಹೊಡೆದ ಔಷಧಿಯ ತನಿಖೆಯೂ ಆಗುತ್ತದೆ. ಕೆನಡಾದಲ್ಲಿ 1974ರಿಂದ ಇದನ್ನೇ ಮಾಡುತ್ತಿದ್ದಾರೆ. ಕಡಲಿನಿಂದ ದೂರವಿರುವ ಮಹಾ ಸರೋವರಗಳ ದಡದಲ್ಲಿ ಹೆರಿಂಗ್ ಕಡಲಕಾಗೆಯ ಮೊಟ್ಟೆಗಳನ್ನು ವರ್ಷ ವರ್ಷವೂ ಪರೀಕ್ಷಿಸಿ ನೀರಿನಲ್ಲಿ ಯಾವ ರಾಸಾಯನಿಕ ಏರಿತು, ಯಾವುದು ಇಳಿಯಿತು ಎಂದು ಲೆಕ್ಕ ಇಡುತ್ತಾರೆ. ವಿಜಯಪುರ ನಗರ ಕುಡಿಯುವ ನೀರೂ ಕೊಲ್ಹಾರದ ಕಡೆಯಿಂದ, ಇದೇ ಹಿನ್ನೀರಿನಿಂದ ಬರುವುದು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಹಿನ್ನೀರಿನ ಖಾಯಂ ನಿವಾಸಿ ನದಿ ರೀವದ ಕಥೆ ಇನ್ನೂ ಗಂಭೀರ. ಹಳದಿ ಕೊಕ್ಕು, ಕರಿ ಟೋಪಿಯ ಈ ಹಕ್ಕಿ ವಲಸೆಯದ್ದಲ್ಲ, ನಮ್ಮದೇ. ಜಾಗತಿಕ ಕೆಂಪುಪಟ್ಟಿಯಲ್ಲಿ ಈಗ ಅಪಾಯಕ್ಕೆ ಸಿಲುಕಿದ ಹಕ್ಕಿಗಳ ಸಾಲಿನಲ್ಲಿದೆ. ಗೂಡು ಎಂದರೆ ನೆಲದ ಮೇಲಿನ ಒಂದು ತಗ್ಗು, ಅಷ್ಟೇ. ಬೇಸಿಗೆಯಲ್ಲಿ ನೀರು ಇಳಿದು ದಿಬ್ಬಗಳು ತಲೆ ಎತ್ತಿದಾಗ ಮೊಟ್ಟೆ ಇಡುತ್ತದೆ. ನೀರು ಇನ್ನೂ ಇಳಿದು ದಿಬ್ಬ ದಡಕ್ಕೆ ಕೂಡಿಕೊಂಡರೆ ನಾಯಿ, ದನಕರು ಬರುತ್ತವೆ; ಏಕಾಏಕಿ ಏರಿದರೆ ಮೊಟ್ಟೆ ತೇಲಿ ಹೋಗುತ್ತದೆ. ಜಲಾಶಯದ ಮಟ್ಟದ ಪಟ್ಟಿಯೇ ಅದರ ಹಣೆಬರಹ. ಆಲಮಟ್ಟಿಯಲ್ಲಿ ಆ ಮಟ್ಟ ಈಗ ಗರಿಷ್ಠ 519.60 ಮೀಟರ್, 524.256 ಮೀಟರಿಗೆ ಏರಿಸುವುದು ರಾಜ್ಯದ ಬಹುದಿನಗಳ ಬೇಡಿಕೆ. ಹಾಗಾದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ ಎಂಬ ಲೆಕ್ಕವಿದೆ. ಮುಳುಗುವ ಊರು, ಕೊಡುವ ಪರಿಹಾರದ ಚರ್ಚೆ ಮೊದಲು ನಡೆಯಬೇಕಾದ್ದು ಸರಿಯೇ, ಅದನ್ನು ಹಕ್ಕಿಯ ಹೆಸರಿನಲ್ಲಿ ಹಿಂದಕ್ಕೆ ಸರಿಸುವುದು ಅನ್ಯಾಯ. ಆದರೆ ಯಾವ ದಿಬ್ಬ ಯಾವ ತಿಂಗಳು ನೀರಿನ ಮೇಲಿರುತ್ತದೆ, ಅಲ್ಲಿ ಗೂಡು ಕಟ್ಟುವ ರೀವಗಳು ಮೀನಿಗೆ ಎಷ್ಟು ದೂರ ಹೋಗುತ್ತವೆ ಎಂಬ ಮಾಹಿತಿ ಕೂಡಿಸಲು ಇದೇ ಸಮಯ. ಎತ್ತರ ಏರಿದ ಮೇಲೆ ಹೋಲಿಸಿ ನೋಡಲು ಹಿಂದಿನ ಲೆಕ್ಕವೇ ಇರುವುದಿಲ್ಲ.

ಇಲ್ಲಿ ಎರಡು ಆಕ್ಷೇಪ ಬರುತ್ತವೆ. ಉಪಗ್ರಹ ಟ್ರಾನ್ಸ್‌ಮಿಟರ್ ದುಬಾರಿ ಎನ್ನುವುದು ಒಂದು. ಹಕ್ಕಿಯ ಬೆನ್ನಿಗೆ ಭಾರ ಕಟ್ಟುವುದು ಹಿಂಸೆ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಉಪಕರಣ ಹಕ್ಕಿಯ ತೂಕದ ಶೇಕಡಾ 3ನ್ನು ಮೀರಬಾರದು ಎಂಬ ರೂಢಿಯ ನಿಯಮವಿದ್ದರೂ ಅದನ್ನು ಹೊತ್ತ ಕೆಲವು ಹಕ್ಕಿಗಳು ಊಟಕ್ಕೆ ಹೆಚ್ಚು ಹೊತ್ತು ಅಲೆಯುವುದನ್ನು ಸಂಶೋಧಕರೇ ದಾಖಲಿಸಿದ್ದಾರೆ. ಎಲ್ಲ ಹಕ್ಕಿಗೂ ಯಂತ್ರ ಕಟ್ಟಿ ಎಂದು ಯಾರೂ ಹೇಳುವುದಿಲ್ಲ, ಕೆಲವೇ ಹಕ್ಕಿಗಳು ಸಾಕು. ಊಟದ ಲೆಕ್ಕಕ್ಕಂತೂ ಹಕ್ಕಿಯನ್ನು ಮುಟ್ಟುವುದೇ ಬೇಡ.

ಅಗ್ಗದ ದಾರಿ ಅದೇ. ರೀವ ತನ್ನ ಸಂಗಾತಿಗೂ ಮರಿಗೂ ಮೀನು ತರುವಾಗ ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದು, ಎಲ್ಲರಿಗೂ ಕಾಣುವಂತೆ ತರುತ್ತದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದಲ್ಲಿ ಡೇವಿಡೆ ಗಾಗ್ಲಿಯೊ ಮತ್ತು ಸಂಗಡಿಗರು ಜುಟ್ಟಿನ ರೀವಗಳನ್ನು ಹಾರುವಾಗಲೇ ಫೋಟೊ ತೆಗೆದು, ಕೊಕ್ಕಿನ ಉದ್ದವನ್ನು ಅಳತೆಗೋಲು ಮಾಡಿಕೊಂಡು ಮೀನಿನ ಜಾತಿ ಮತ್ತು ಗಾತ್ರವನ್ನು ಪಟ್ಟಿ ಮಾಡಿದರು. ಬೇಕಾದದ್ದು ಒಂದು ಕ್ಯಾಮೆರಾ, ಒಂದು ಉದ್ದ ಲೆನ್ಸ್, ತಾಳ್ಮೆ. ಈ ಮೂರಕ್ಕೂ ಕರ್ನಾಟಕದಲ್ಲಿ ಕೊರತೆಯಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ದಿಬ್ಬಗಳಲ್ಲಿ ಪ್ರತಿ ಬೇಸಿಗೆ ಸಾವಿರಾರು ನದಿ ರೀವಗಳು ಸೇರುತ್ತವೆ, ಅವುಗಳ ಫೋಟೊಗಾಗಿಯೇ ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಗಂಡು ಹೆಣ್ಣಿಗೆ ಮೀನು ಕೊಡುವ ಗಳಿಗೆಯ ಚಿತ್ರಕ್ಕೆ ಬಹುಮಾನಗಳೂ ಬರುತ್ತವೆ. ಚಿತ್ರ ಮೆಚ್ಚಿದವರು ಹಕ್ಕಿಯ ರೆಕ್ಕೆಯ ಬಾಗು ನೋಡುತ್ತಾರೆ. ಕೊಕ್ಕಿನಲ್ಲಿರುವುದು ಕಾಟ್ಲಾ ಮರಿಯೋ, ತಿಲಾಪಿಯವೋ, ಹೊಳೆಯ ಹಳೆಯ ಸಣ್ಣ ಮೀನೋ ಎಂದು ಕೇಳುವವರು ಯಾರು? ಜಲಾಶಯಗಳಿಗೆ ಗೆಂಡೆ ಜಾತಿಯ ಮೀನುಮರಿ ಬಿಡುವುದು ನಡೆದೇ ಇದೆ. ರೀವ ಆ ಮರಿಯನ್ನು ತಿನ್ನುತ್ತಿದೆಯೇ, ಇಲ್ಲ ಮೀನುಗಾರರಿಗೆ ಬೇಡದ ಚಿಲ್ಲರೆ ಮೀನನ್ನೇ ತಿನ್ನುತ್ತಿದೆಯೇ ಎಂಬ ಉತ್ತರ ಆ ಫೋಟೊಗಳಲ್ಲಿ ಅಡಗಿದೆ. ಸ್ಪಷ್ಟವಾಗಿಲ್ಲ, ಚೆನ್ನಾಗಿ ಬಂದಿಲ್ಲ ಎಂದು ಅಳಿಸಿಹಾಕಿದ ಚಿತ್ರಗಳಲ್ಲೇ ಹೆಚ್ಚು ಮಾಹಿತಿ ಹೋಗಿರಬಹುದು. ಒಂದೇ ಎಚ್ಚರಿಕೆ: ಗೂಡಿನ ದಿಬ್ಬಕ್ಕೆ ದೋಣಿ ತೀರ ಹತ್ತಿರ ಒಯ್ದರೆ ಹಕ್ಕಿ ಎದ್ದು ಹೋಗುತ್ತದೆ, ಬೇಸಿಗೆಯ ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತದೆ. ಅಂಥ ಫೋಟೊ ವಿಜ್ಞಾನಕ್ಕೂ ಬೇಡ, ಬಹುಮಾನಕ್ಕೂ ಬೇಡ.

ಇದಕ್ಕೆ ದೊಡ್ಡ ಸಂಸ್ಥೆ ಹುಟ್ಟಬೇಕಿಲ್ಲ. ವಿಜಯಪುರ, ಬಾಗಲಕೋಟೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಒಂದೊಂದು ದಿಬ್ಬವನ್ನು ಹಂಚಿಕೊಂಡು ಫೆಬ್ರುವರಿಯಿಂದ ಮೇವರೆಗೆ ದಡದಿಂದಲೇ ನೋಡಬಹುದು. ಮೀನು ಗುರುತಿಸಲು ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ತಜ್ಞರಿದ್ದಾರೆ, ಅವರಿಗಿಂತ ಬೇಗ ಗುರುತಿಸಬಲ್ಲ ಮೀನುಗಾರರು ಹಿನ್ನೀರಿನ ದಂಡೆಯ ಊರುಗಳಲ್ಲೇ ಇದ್ದಾರೆ. ನೀರಾವರಿ ಇಲಾಖೆ ಜಲಾಶಯದ ಮಟ್ಟವನ್ನು ದಿನವೂ ಬರೆದಿಡುತ್ತದೆ. ಆ ಪಟ್ಟಿಯ ಪಕ್ಕದಲ್ಲಿ ಗೂಡುಗಳ ಪಟ್ಟಿ ಇಟ್ಟರೆ ಅರ್ಧ ಸಂಶೋಧನೆ ಮುಗಿದಂತೆ. ಕ್ಯಾಮೆರಾ ಇರುವ ಓದುಗರಲ್ಲಿ ಒಂದು ವಿನಂತಿ: ರೀವದ ಕೊಕ್ಕಿನಲ್ಲಿ ಮೀನಿರುವ ಯಾವ ಚಿತ್ರವನ್ನೂ ಅಳಿಸಬೇಡಿ. ದಿನಾಂಕ, ಹೊತ್ತು, ಜಾಗ ಬರೆದು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ.